ಹೆಸರು ಮರೆಸಿದವರು

ಹತ್ತೊಂಬತ್ತನೇ ಶತಮಾನ ಮುಗಿಯುತ್ತಿದ್ದ ಹೊತ್ತಿನಲ್ಲಿ ಮೈಸೂರಿನ ‘ಕಾವ್ಯಕಲಾನಿಧಿ’ ಪತ್ರಿಕೆಗೆ ‘ಶ್ರೀರಾಮಾಶ್ವಮೇಧಂ’ ಎಂಬ ಹಳಗನ್ನಡ ಗದ್ಯಕೃತಿಯೊಂದು ಬಂತು. ಕವಿಯ ಹೆಸರು ಮುದ್ದಣ. ಹಿಂದಿನ ಕಾಲದ ಯಾರದೋ ಕೃತಿ ಎಂದೇ ಅದನ್ನು ಕಳಿಸಲಾಗಿತ್ತು. ಕಳಿಸಿದವರು ಉಡುಪಿಯ ಡ್ರಿಲ್ ಮೇಷ್ಟ್ರು, ನಂದಳಿಕೆಯ ಲಕ್ಷ್ಮೀನಾರಣಪ್ಪ. ಬರೆದವರೂ ಅವರೇ. 1901ರಲ್ಲಿ, ಮೂವತ್ತೊಂದನೇ ವಯಸ್ಸಿಗೆ, ಕ್ಷಯರೋಗ ಅವರನ್ನು ಒಯ್ದಿತು. ಮುದ್ದಣನೆಂದರೆ ಇವರೇ ಎಂದು ಕನ್ನಡ ನಾಡು ಒಪ್ಪಿಕೊಂಡದ್ದು ಆಮೇಲೆ.

ಚೆನ್ನಾಗಿ ಬರೆದವನು ‘ನಾನು ಬರೆದೆ’ ಎಂದು ಹೇಳಿಕೊಳ್ಳದಿರಲು ಕಾರಣ ಬೇಕು. ಅದು ಪಂಡಿತರು ತಾಳೆಗರಿ ಹುಡುಕಿ, ಹಳೆಯ ಕಾವ್ಯಗಳನ್ನು ಅಚ್ಚು ಹಾಕಿಸುತ್ತಿದ್ದ ಕಾಲ. ಹಳೆಯದಕ್ಕಿದ್ದ ಮರ್ಯಾದೆ ಹೊಸದಕ್ಕೆ ಇರಲಿಲ್ಲ. ಕರಾವಳಿಯ ವ್ಯಾಯಾಮ ಶಿಕ್ಷಕನೊಬ್ಬ ಹಳಗನ್ನಡದಲ್ಲಿ ಬರೆದಿದ್ದಾನೆ ಎಂದರೆ ಹಸ್ತಪ್ರತಿಯನ್ನು ಬಿಚ್ಚಿ ನೋಡುವವರು ಎಷ್ಟು ಜನ? ಕೃತಿಯ ಒಳಗೆ ಮಾತ್ರ ಬೇರೆಯದೇ ಸಂಗತಿ ಇದೆ. ಮುದ್ದಣ ಕತೆ ಹೇಳುತ್ತಾನೆ, ಹೆಂಡತಿ ಮನೋರಮೆ ನಡುನಡುವೆ ಬಾಯಿ ಹಾಕುತ್ತಾಳೆ, ಪಾಂಡಿತ್ಯ ಅತಿಯಾದರೆ ಛೇಡಿಸುತ್ತಾಳೆ. ಹಳಬನ ವೇಷ ಹಾಕಿಕೊಂಡೇ ಆ ಮೇಷ್ಟ್ರು ಹೊಸ ಓದುಗರಿಗೆ ದನಿ ಕೊಟ್ಟಿದ್ದರು.

ಹೆಸರು ಮರೆಸಿದವರ ಬಗ್ಗೆ ಮಾತು ಬಂದಾಗ ಅಂಜುಬುರುಕರು ಎಂದೋ ವಿನಯವಂತರು ಎಂದೋ ನಾವು ಅವರ ಸ್ವಭಾವವನ್ನೇ ಅಳೆಯುತ್ತೇವೆ. ಅಳೆಯಬೇಕಾದದ್ದು ಅವರ ಸುತ್ತಲಿನ ಸಮಾಜವನ್ನು. ಹೆಸರು ಯಾಕೆ ಮುಚ್ಚಿಡಬೇಕಾಯಿತು ಎಂದು ಕೇಳಿದರೆ ಆ ಕಾಲ ಯಾರನ್ನು ಹೆದರಿಸುತ್ತಿತ್ತು, ಯಾರ ಮಾತಿಗೆ ಕಿವಿಗೊಡುತ್ತಿರಲಿಲ್ಲ ಎಂಬುದು ಗೊತ್ತಾಗುತ್ತದೆ.

ಹೆದರಿಕೆಯ ದೊಡ್ಡ ಉದಾಹರಣೆ ಪ್ರೇಮಚಂದರದು. ಅವರ ಹುಟ್ಟುಹೆಸರು ಧನಪತ ರಾಯ್. ಶಿಕ್ಷಣ ಇಲಾಖೆಯ ನೌಕರರಾಗಿದ್ದ ಅವರು ‘ನವಾಬ್ ರಾಯ್’ ಎಂಬ ಹೆಸರಿನಲ್ಲಿ ಉರ್ದು ಕತೆಗಳನ್ನು ಬರೆಯುತ್ತಿದ್ದರು. ಬ್ರಿಟಿಷ್ ಅಧಿಕಾರಿಗಳು ‘ಸೋಜ್-ಎ-ವತನ್’ ಸಂಕಲನದಲ್ಲಿ ರಾಜದ್ರೋಹ ಕಂಡು ಪ್ರತಿಗಳನ್ನು ಸುಡಿಸಿದರು. ನವಾಬ್ ರಾಯ್ ಯಾರೆಂಬುದು ಬಯಲಾಗಿತ್ತು. ಹಾಗಾಗಿ 1910ರಲ್ಲಿ ಹೊಸ ಹೆಸರು ಬೇಕಾಯಿತು. ಇಂದು ಇಡೀ ದೇಶಕ್ಕೆ ಗೊತ್ತಿರುವುದು ಆ ಹೆಸರೇ. ಆ ಭಯ ಸ್ವಾತಂತ್ರ್ಯದೊಂದಿಗೆ ಪೂರ್ತಿ ತೊಲಗಲಿಲ್ಲ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಬರೀ ಸಾಹಿತ್ಯ ಬರೆಯುವುದಕ್ಕೆ ಅಡ್ಡ ಬರುವುದಿಲ್ಲ. ಸರ್ಕಾರವನ್ನು ಟೀಕಿಸಿದರೆ ಮಾತ್ರ ಸ್ವಂತ ಹೆಸರಾಗಲಿ, ಅನಾಮಧೇಯವಾಗಲಿ, ಗುಪ್ತನಾಮವಾಗಲಿ ಎಲ್ಲವೂ ನಿಷಿದ್ಧ. ಗುಪ್ತನಾಮದ ದಾರಿಯನ್ನೂ ನಿಯಮ ಬರೆದವರು ಮೊದಲೇ ಮುಚ್ಚಿಬಿಟ್ಟಿದ್ದಾರೆ.

ಹೆಂಗಸರ ಕತೆಯೇ ಬೇರೆ. 1939ರಲ್ಲಿ, ಇನ್ನೂ ಇಪ್ಪತ್ತೇಳರ ಪ್ರಾಯದಲ್ಲಿ, ನೀರಿನಲ್ಲಿ ಮುಳುಗಿ ತೀರಿಹೋದ ಕೊಡಗಿನ ಗೌರಮ್ಮ ಕತೆಗಳ ಕೆಳಗೆ ಹಾಕುತ್ತಿದ್ದ ಹೆಸರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. ಅಂದರೆ ಗಂಡನ ಹೆಸರಿನ ತುಂಡುಗಳು. ಗೌರಮ್ಮ ಎಂಬುದು ಅದರಲ್ಲಿ ಎಲ್ಲೂ ಇಲ್ಲ. ವಿಧವೆಯರ, ಮೋಸಹೋದ ಹೆಣ್ಣುಮಕ್ಕಳ ಕತೆ ಬರೆದವರಿಗೆ ಗೃಹಿಣಿಯ ಗೌರವದ ಆಸರೆಯೂ ಬೇಕಾಗಿತ್ತೇನೋ. ಒಂದೆರಡು ದಶಕ ಕಳೆಯುವಷ್ಟರಲ್ಲಿ ಅನಸೂಯಾ ಶಂಕರ್ ‘ತ್ರಿವೇಣಿ’ಯಾದರು, ಸುಬ್ಬಮ್ಮ ‘ವಾಣಿ’ಯಾದರು. ಈ ಹೆಸರುಗಳಲ್ಲಿ ಗಂಡನೂ ಇಲ್ಲ, ಮನೆತನವೂ ಇಲ್ಲ. ಹೆಣ್ಣಿನ ಹೆಸರು ಮುಖಪುಟದಲ್ಲಿ ಒಂಟಿಯಾಗಿ ನಿಲ್ಲುವಷ್ಟು ಕಾಲ ಬದಲಾಗಿತ್ತು.

ಹಾಗಂತ ಕನ್ನಡದ ಕಾವ್ಯನಾಮಗಳೆಲ್ಲ ಮರೆಮಾಚುವುದಕ್ಕೆ ಹುಟ್ಟಿದವಲ್ಲ. ಶ್ರೀನಿವಾಸ ಎಂದರೆ ಮಾಸ್ತಿ, ವಿನಾಯಕ ಎಂದರೆ ಗೋಕಾಕ, ಶ್ರೀರಂಗ ಎಂದರೆ ಆದ್ಯ ರಂಗಾಚಾರ್ಯ ಎಂಬುದು ಎಲ್ಲರಿಗೂ ತಿಳಿದ ವಿಷಯ. ‘ಕಿಶೋರ ಚಂದ್ರವಾಣಿ’ ಎಂದು ಶುರುಮಾಡಿದ ಪುಟ್ಟಪ್ಪನವರು ಕೊನೆಗೆ ನಿಂತದ್ದು ತಮ್ಮದೇ ಹೆಸರಿನ ಮೊದಲಕ್ಷರಗಳ ‘ಕುವೆಂಪು’ವಿನಲ್ಲಿ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಅಪ್ಪ ಇದ್ದಾರೆ, ಅವ್ವ ಇಲ್ಲ. ‘ಅಂಬಿಕಾತನಯದತ್ತ’ನಲ್ಲಿ ಅವ್ವ ಬಂದಳು. ಆದರೆ ಆ ಹೆಸರು ಅವರನ್ನು ಕಾಪಾಡಲಿಲ್ಲ. ‘ನರಬಲಿ’ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಬೇಂದ್ರೆಯವರನ್ನು ಜೈಲಿಗೆ ಕಳಿಸಿತು. ಕವಿಯ ಹೆಸರು ಬೇರೆ ಇದ್ದರೂ ಕೋಳ ಬಿದ್ದದ್ದು ಮನುಷ್ಯನ ಕೈಗೇ.

ಕಾನೂನು ಈ ವಿಷಯದಲ್ಲಿ ಒಂದಿಷ್ಟು ಉದಾರವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹೆಸರಿಟ್ಟು ಬರೆದ ಕೃತಿಯ ಹಕ್ಕು ಲೇಖಕರು ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ. ಬರೆದವರು ಯಾರೆಂದು ತಿಳಿಯದ ಕೃತಿಗೆ ಈ 60 ವರ್ಷ ಪ್ರಕಟಣೆಯಿಂದಲೇ ಲೆಕ್ಕ. ಗುರುತು ಬಯಲಾಗುವವರೆಗೆ ಲೇಖಕರ ಪರವಾಗಿ ಹಕ್ಕಿನ ವ್ಯವಹಾರಕ್ಕೆ ಪ್ರಕಾಶಕರು ನಿಲ್ಲಬಹುದು. ಅವಧಿಯೊಳಗೆ ಗುರುತು ಹೇಳಿದರೆ ಪೂರ್ಣ ರಕ್ಷಣೆ ಮರಳುತ್ತದೆ. ಅಜ್ಞಾತವಾಗಿ ಇರುವುದು ಅಪರಾಧವಲ್ಲ, ಆದರೆ ಅದಕ್ಕೊಂದು ಬೆಲೆ ಇದೆ.

ಒಂದು ಗೆರೆಯನ್ನು ಮಾತ್ರ ಎಳೆಯಲೇಬೇಕು. ಕತೆ, ಕವಿತೆ, ಅನುಭವ, ಅಧಿಕಾರದ ವಿರುದ್ಧದ ಮಾತು ಯಾವ ಹೆಸರಿನಲ್ಲಾದರೂ ಬರಲಿ. ಇನ್ನೊಬ್ಬ ವ್ಯಕ್ತಿಯ ಮಾನಕ್ಕೆ ಕೈ ಹಾಕುವವರು ತಮ್ಮ ಹೆಸರು ಹೇಳಬೇಕು, ಇಲ್ಲವೇ ಅವರ ಪರವಾಗಿ ಉತ್ತರ ಕೊಡುವ ಸಂಪಾದಕರಾದರೂ ಇರಬೇಕು. ಉಳಿದಂತೆ, ಹೆಸರಿಲ್ಲದ ಬರಹವೊಂದು ಕೈಗೆ ಸಿಕ್ಕರೆ ಇದು ಯಾರದು, ಯಾವ ಜಾತಿಯವರದು, ಯಾವ ಊರಿನವರದು ಎಂದು ಕೆದಕುವುದನ್ನು ಬಿಟ್ಟು ಮೊದಲು ಓದಿ. ಡ್ರಿಲ್ ಮೇಷ್ಟ್ರೊಬ್ಬರು ನಮ್ಮಿಂದ ಬಯಸಿದ್ದು ಇಷ್ಟೇ.