ರಕ್ತವೇ ಹೇಳುವ ಸತ್ಯ

ಶರಣರು ಶರೀರವನ್ನು ಪ್ರಸಾದಕಾಯವೆಂದು ಗೌರವಿಸಿದರು. ಕಾಯಕಕ್ಕೂ ಪೂಜೆಗೂ ಆಧಾರವಾದ ಈ ಕಾಯವು ಅಪಘಾತಕ್ಕೆ ಸಿಲುಕಿದಾಗ ವೈದ್ಯರು ಅದನ್ನು ಉಳಿಸುವ ಬಗೆಯನ್ನು ಗೃಹಸ್ಥರು ಅರಿತಿರುವುದು ಶ್ರೇಯಸ್ಕರ.

ತೀವ್ರವಾಗಿ ಗಾಯಗೊಂಡ ತರುಣನು ಆಸ್ಪತ್ರೆಗೆ ಬಂದಾಗ ಕೆಲವೊಮ್ಮೆ ಮಾತನಾಡುತ್ತಲೇ ಇರುತ್ತಾನೆ, ರಕ್ತದೊತ್ತಡವೂ ಸರಿಯಾಗಿರುತ್ತದೆ. ಗಂಡಾಂತರ ಕಳೆಯಿತೆಂದು ಬಂಧುಗಳು ಸಮಾಧಾನ ತಾಳುತ್ತಾರೆ. ಆದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೂ ದೇಹವು ಚರ್ಮ ಮತ್ತು ಕರುಳಿನ ರಕ್ತನಾಳಗಳನ್ನು ಬಿಗಿಗೊಳಿಸಿ, ಹೃದಯ ಮತ್ತು ಮಿದುಳುಗಳಿಗೆ ರಕ್ತವನ್ನು ಕಾಯ್ದಿರಿಸುತ್ತದೆ. ಆದುದರಿಂದ ಶೇಕಡಾ 30ರ ಸಮೀಪದವರೆಗೆ ರಕ್ತ ನಷ್ಟವಾದರೂ ಒತ್ತಡವು ಕುಸಿಯದಿರಬಹುದು.

ಈ ಮರೆಯನ್ನು ಸರಿಸುವುದು ರಕ್ತದ ಅನಿಲ ಪರೀಕ್ಷೆ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿದಾಗ ಡಾ. ಪೌಲ್ ಆಸ್ಟ್ರುಪ್ ಮೊದಲಾದವರ ಶ್ರಮದಿಂದ ಈ ವಿದ್ಯೆ ಬೆಳೆಯಿತು. ಇಂದು ಮಣಿಕಟ್ಟಿನ ಅಪಧಮನಿಯಿಂದ ತೆಗೆದ ಒಂದೆರಡು ಮಿಲಿಲೀಟರ್ ರಕ್ತ ಸಾಕು. ಕೆಲವೇ ನಿಮಿಷಗಳಲ್ಲಿ ಫಲಿತಾಂಶ ದೊರೆಯುತ್ತದೆ. ಆಮ್ಲಜನಕ ಸಾಲದ ಜೀವಕೋಶಗಳು ಲ್ಯಾಕ್ಟೇಟನ್ನು ಹೊರಬಿಡುತ್ತವೆ; ರಕ್ತವು ಆಮ್ಲೀಯವಾಗುತ್ತದೆ. ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್‌ನೊಳಗಿದ್ದರೆ ಸಹಜ. 4 ದಾಟಿದರೆ ಅಪಾಯದ ಸೂಚನೆ. ರಕ್ತದ ಕ್ಷಾರದ ಕೊರತೆ 6 ಮೀರಿದರೂ ಹಾಗೆಯೇ.

ಒಮ್ಮೆ ಅಳೆದರೆ ಸಾಲದು. ಚಿಕಿತ್ಸೆಯ ನಂತರ ಲ್ಯಾಕ್ಟೇಟ್ ಇಳಿಯುತ್ತಿದ್ದರೆ ಜೀವಕೋಶಗಳಿಗೆ ಆಮ್ಲಜನಕ ತಲುಪುತ್ತಿದೆಯೆಂದು ತಿಳಿಯಬಹುದು. ಏರುತ್ತಲೇ ಇದ್ದರೆ ಎಲ್ಲಿಯೋ ರಕ್ತ ಸೋರುತ್ತಿರಬಹುದು, ಶಸ್ತ್ರಚಿಕಿತ್ಸೆಗೆ ತಡಮಾಡಲಾಗದು. ಕೇವಲ ಸಲೈನ್ ಹರಿಸುತ್ತ ಹೋದರೆ ರಕ್ತವು ತೆಳುವಾಗಿ ಹೆಪ್ಪುಗಟ್ಟುವ ಗುಣ ಕುಂದುತ್ತದೆ, ಆಮ್ಲೀಯತೆಯೂ ಹೆಚ್ಚುತ್ತದೆ. ಆದುದರಿಂದಲೇ ವೈದ್ಯರು ಸ್ರಾವವನ್ನು ತಡೆದು, ಕಳೆದುಹೋದ ರಕ್ತಕ್ಕೆ ಪ್ರತಿಯಾಗಿ ರಕ್ತವನ್ನೇ ನೀಡುತ್ತಾರೆ. ಮದ್ಯಪಾನ, ಅಪಸ್ಮಾರಗಳಿಂದಲೂ ಲ್ಯಾಕ್ಟೇಟ್ ಏರುವುದುಂಟು. ಅಂಕಿಯೊಡನೆ ರೋಗಿಯನ್ನೂ ನೋಡಿಯೇ ವೈದ್ಯರು ನಿರ್ಣಯಿಸುತ್ತಾರೆ.

ಬಂಧುಗಳೇ, "ಮೊದಲೇ ರಕ್ತ ಹೋಗಿದೆ, ಮತ್ತೆ ಮತ್ತೆ ಏಕೆ ತೆಗೆಯುತ್ತೀರಿ?" ಎಂದು ವೈದ್ಯರನ್ನು ತಡೆಯದಿರಿ. ಆ ಕೆಲವು ಹನಿಗಳೇ ಪ್ರಾಣಕ್ಕೆ ದಾರಿ ತೋರುತ್ತವೆ. ಗಾಯಾಳು ಮಾತನಾಡುತ್ತಿದ್ದಾನೆಂದು ನಂಬಿ ಕೂರದೆ, 108ಕ್ಕೆ ಕರೆಮಾಡಿ ಸುಸಜ್ಜಿತ ಆಸ್ಪತ್ರೆಗೆ ಸೇರಿಸಿ. ಅನ್ನದಾಸೋಹದಲ್ಲಿ ಮುಂದಿರುವ ನಮ್ಮ ಸಮಾಜವು ರಕ್ತದಾನವನ್ನೂ ದಾಸೋಹವೆಂದೇ ಭಾವಿಸಲಿ. ಹೊರಗಿನ ಚೆಲುವಿಗೆ ಮರುಳಾಗದೆ ಅಂತರಂಗವನ್ನು ಪರೀಕ್ಷಿಸಬೇಕೆಂಬುದು ಶರಣಮಾರ್ಗದ ಪಾಠ. ಗಾಯಾಳುವಿನ ಹಾಸಿಗೆಯ ಬಳಿಯೂ ಆ ಪಾಠ ಸಲ್ಲುತ್ತದೆ.