ಹಳೇಬೀಡಿನ ಸೂರ್ಯ, ಅರಸೀಕೆರೆಯ ತೆಂಗಿನಕಾಯಿ: ಗ್ರಹಗಳ ನಿಜ ಗಾತ್ರವೆಷ್ಟು?

ಶಾಲೆಯ ಗೋಡೆಗೆ ತೂಗುಹಾಕಿದ ಸೌರಮಂಡಲದ ಚಿತ್ರಪಟವನ್ನು ನೋಡದವರು ವಿರಳ. ಒಂದು ಅಂಚಿನಲ್ಲಿ ಸೂರ್ಯ, ಪಕ್ಕದಲ್ಲಿ ಸಾಲಾಗಿ 8 ಗ್ರಹಗಳು. ಒಂದೇ ಹಾಳೆಯಲ್ಲಿ ಎಲ್ಲವನ್ನೂ ಹಿಡಿಸಬೇಕಾದ ಅನಿವಾರ್ಯದಿಂದ ಚಿತ್ರಕಾರರು ಗುರುವನ್ನು ಕುಗ್ಗಿಸುತ್ತಾರೆ, ಬುಧವನ್ನು ಹಿಗ್ಗಿಸುತ್ತಾರೆ. ಹೀಗೆ ಬಾಲ್ಯದಲ್ಲಿ ಮೂಡಿದ ತಪ್ಪು ಕಲ್ಪನೆ ಮುಂದೆಯೂ ಉಳಿದುಬಿಡುತ್ತದೆ. ಅದನ್ನು ತಿದ್ದಿಕೊಳ್ಳಲು ದೂರದರ್ಶಕ ಬೇಕಿಲ್ಲ. ಹಾಸನ ಜಿಲ್ಲೆಯ ಪರಿಚಿತ ಊರುಗಳೇ ಸಾಕು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ನಂದಿ ಮಂಟಪದ ಹಿಂದೆ ಸೂರ್ಯನ ಗುಡಿಯಿದೆ. ಅಲ್ಲಿನ ಮೂರ್ತಿಯ ಎತ್ತರ ಸುಮಾರು 7 ಅಡಿ. ಸುಮಾರು 13.9 ಲಕ್ಷ ಕಿ.ಮೀ. ವ್ಯಾಸದ ನಿಜವಾದ ಸೂರ್ಯನನ್ನು ಅಷ್ಟೇ ಎತ್ತರದ ಗೋಳವಾಗಿ ಕುಗ್ಗಿಸಿ ಇಲ್ಲಿ ಇರಿಸಿದ್ದೇವೆಂದು ಭಾವಿಸೋಣ. ಇದೇ ಪ್ರಮಾಣದಲ್ಲಿ ಗ್ರಹಗಳನ್ನೂ ಕುಗ್ಗಿಸಿದರೆ ಅವು ಎಷ್ಟಾಗುತ್ತವೆ?

ಅಡಿಕೆಯಷ್ಟು ಭೂಮಿ

12,756 ಕಿ.ಮೀ. ವ್ಯಾಸದ ಭೂಮಿ 2 ಸೆಂ.ಮೀ.ಗೂ ತುಸು ಕಡಿಮೆ, ಅಂದರೆ ಸುಲಿದ ಸಣ್ಣ ಅಡಿಕೆಯಷ್ಟು. ಶುಕ್ರ ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಮಂಗಳ ಒಂದು ಕಾಬೂಲಿ ಕಡಲೆ, ಬುಧ ನಮ್ಮ ನಾಟಿ ಕಡಲೆಕಾಳು. ಚಂದ್ರ ಕರಿಮೆಣಸಿನ ಕಾಳು. 2006ರಲ್ಲಿ ಗ್ರಹದ ಸ್ಥಾನ ಕಳೆದುಕೊಂಡ ಪ್ಲೂಟೊ ಈ ಮೆಣಸಿನ ಕಾಳಿಗಿಂತಲೂ ಚಿಕ್ಕದು.

ಇನ್ನು ದೈತ್ಯ ಗ್ರಹಗಳು. ಗುರುವಿಗೆ ಅರಸೀಕೆರೆಯ ಮಾರುಕಟ್ಟೆಯಿಂದ ಸುಲಿಯದ ದೊಡ್ಡ ತೆಂಗಿನಕಾಯಿಯನ್ನೇ ತರಬೇಕು. ಅದರ ವ್ಯಾಸ ಸುಮಾರು 22 ಸೆಂ.ಮೀ. ಶನಿಗೆ ಇನ್ನೊಂದು ಕಾಯಿ, ಗಾತ್ರದಲ್ಲಿ ಸ್ವಲ್ಪ ಕಿರಿದು. ಯುರೇನಸ್ ಮತ್ತು ನೆಪ್ಚೂನ್ ಸುಮಾರು 8 ಸೆಂ.ಮೀ.ಗಳ ಎರಡು ಕಿತ್ತಳೆ ಹಣ್ಣುಗಳು.

ವ್ಯಾಸವೇ ಎಲ್ಲವೂ ಅಲ್ಲ

ಇಲ್ಲೊಂದು ಎಚ್ಚರಿಕೆ ಅಗತ್ಯ. ಗುರುವಿನ ವ್ಯಾಸ ಭೂಮಿಯ 11 ಪಟ್ಟು ಎಂದಾಕ್ಷಣ ಅದು 11 ಭೂಮಿಗಳಿಗೆ ಸಮ ಎಂದು ತಿಳಿಯಬಾರದು. ಗೋಳದ ವ್ಯಾಸ ಇಮ್ಮಡಿಯಾದರೆ ಅದರ ಘನ ಗಾತ್ರ 8 ಪಟ್ಟಾಗುತ್ತದೆ. ಈ ಲೆಕ್ಕದಲ್ಲಿ ಗುರುವಿನ ಘನ ಗಾತ್ರ 1,300ಕ್ಕೂ ಹೆಚ್ಚು ಭೂಮಿಗಳಿಗೆ ಸಮ. ಸೂರ್ಯನದು ಸುಮಾರು 13 ಲಕ್ಷ ಭೂಮಿಗಳಿಗೆ.

ಗಾತ್ರ ಹೆಚ್ಚಿದಂತೆ ತೂಕವೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕೆಂದಿಲ್ಲ. ಬಹುಪಾಲು ಜಲಜನಕ ಮತ್ತು ಹೀಲಿಯಂಗಳಿಂದಾದ ಶನಿಯ ಸರಾಸರಿ ಸಾಂದ್ರತೆ ನೀರಿಗಿಂತ ಕಡಿಮೆ. ಯುರೇನಸ್‌ಗಿಂತ ನೆಪ್ಚೂನ್ ತುಸು ಚಿಕ್ಕದಾದರೂ ಹೆಚ್ಚು ಭಾರವುಳ್ಳದ್ದು.

ಬೇಲೂರಿನ ದಾರಿಯಲ್ಲಿ

ಚಿತ್ರಪಟ ಮರೆಮಾಚುವ ಇನ್ನೊಂದು ಸತ್ಯ ದೂರ. ನಮ್ಮ ಮಾದರಿಯಲ್ಲಿ ಅಡಿಕೆಯಷ್ಟಿರುವ ಭೂಮಿಯನ್ನು ಸೂರ್ಯನಿಂದ ಸುಮಾರು 230 ಮೀಟರ್ ಆಚೆ ಇಡಬೇಕು. ಚಂದ್ರ ಅದರಿಂದ ಎರಡಡಿಯೊಳಗೆ. ಬೇಲೂರಿನ ರಸ್ತೆ ಹಿಡಿದರೆ ಸುಮಾರು 1.2 ಕಿ.ಮೀ.ಗೆ ಗುರು, 2.2 ಕಿ.ಮೀ.ಗೆ ಶನಿ, 4.4 ಕಿ.ಮೀ.ಗೆ ಯುರೇನಸ್. ಸುಮಾರು 7 ಕಿ.ಮೀ. ಸಾಗಿದ ಮೇಲೆ ನೆಪ್ಚೂನ್. ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿ.ಮೀ.; ಅರ್ಧ ದಾರಿ ತಲುಪುವ ಮೊದಲೇ ಗ್ರಹಗಳು ಮುಗಿದಿರುತ್ತವೆ. ಅಷ್ಟು ವಿಸ್ತಾರದಲ್ಲಿ ಇರುವುದು ಎರಡು ತೆಂಗಿನಕಾಯಿ, ಎರಡು ಕಿತ್ತಳೆ, ನಾಲ್ಕು ಕಾಳುಗಳಷ್ಟೆ. ಉಳಿದದ್ದು ಬಹುತೇಕ ಶೂನ್ಯ.

ಬೇಲೂರು, ಹಳೇಬೀಡುಗಳಿಗೆ ಶಾಲಾ ಮಕ್ಕಳು ಪ್ರವಾಸ ಬರುವುದು ವಾಡಿಕೆ. ಮುಂದಿನ ಬಾರಿ ಕರೆತರುವ ಶಿಕ್ಷಕರು ಜೇಬಿನಲ್ಲೊಂದು ಅಡಿಕೆ ಇಟ್ಟುಕೊಳ್ಳಲಿ. ಸೂರ್ಯನ ಗುಡಿಯಿಂದ 230 ಮೀಟರ್ ನಡೆದು ಅದನ್ನು ಮಕ್ಕಳ ಅಂಗೈಯಲ್ಲಿಟ್ಟು ಹಿಂತಿರುಗಿ ನೋಡಲು ಹೇಳಲಿ. ನಾವೆಲ್ಲರೂ ಇರುವುದು ಆ ಅಡಿಕೆಯ ಮೇಲೆ ಎಂಬುದು ಯಾವ ಚಿತ್ರಪಟಕ್ಕಿಂತಲೂ ಚೆನ್ನಾಗಿ ಆಗ ಮನದಟ್ಟಾದೀತು.