ಹಲ್ಲಿನ ಬುಡ ಸವೆಸುವುದು ಯಾವುದು?

ಹುಳುಕಿಲ್ಲ, ಕಪ್ಪು ಕಲೆಯೂ ಇಲ್ಲ. ಆದರೂ ಹಲ್ಲು ವಸಡನ್ನು ಸೇರುವ ಕಡೆ ಬೆಣೆಯಾಕಾರದ ಕಚ್ಚು ಬಿದ್ದಿರುತ್ತದೆ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ, ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ವಯಸ್ಸಾದಂತೆ ಹೆಚ್ಚುವ ಈ ಸವೆತ ಕೋರೆಹಲ್ಲಿನ ಹಿಂದಿನ ಎರಡು ಹಲ್ಲುಗಳಲ್ಲಿ ವಿಶೇಷವಾಗಿ ಕಾಣುತ್ತದೆ. ಇದಕ್ಕೆ ಜಗಿಯುವ, ಹಲ್ಲು ಕಡಿಯುವ ಒತ್ತಡವೇ ಕಾರಣ ಎಂಬ ವಾದವನ್ನು 1984ರಲ್ಲಿ ಲೀ ಮತ್ತು ಈಕಲ್ ಮಂಡಿಸಿದರು. 1991ರಲ್ಲಿ ಗ್ರಿಪ್ಪೊ ಅದಕ್ಕೆ 'ಅಬ್‌ಫ್ರಾಕ್ಷನ್' ಎಂದು ಹೆಸರಿಟ್ಟರು.

ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಓರೆಯಾಗಿ ಬೀಳುವ ಒತ್ತಡಕ್ಕೆ ಹಲ್ಲು ಗಾಳಿಗೆ ಸಿಕ್ಕ ಅಡಕೆ ಮರದಂತೆ ಕೂದಲೆಳೆಯಷ್ಟು ಬಾಗುತ್ತದೆ, ಬುಡಕ್ಕೆ ಎಳೆತ ಬೀಳುತ್ತದೆ. ಎನಾಮೆಲ್ ಅದುಮುವ ಬಲವನ್ನು ಚೆನ್ನಾಗಿ ತಡೆಯುತ್ತದೆ, ಎಳೆತಕ್ಕೆ ಬಿರಿಯುತ್ತದೆ. ಅದೂ ವಸಡಿನ ಅಂಚಿನಲ್ಲಿ ಅದು ತೀರ ತೆಳು. ಒತ್ತಡ ಅಲ್ಲೇ ಮಡುಗಟ್ಟುತ್ತದೆಂದು ಕಂಪ್ಯೂಟರ್ ಮಾದರಿಗಳೂ ತೋರಿಸಿವೆ. ಆದರೆ ಒತ್ತಡ ಎಲ್ಲಿ ಕೂಡುತ್ತದೆ ಎಂದು ಹೇಳುವ ಮಾದರಿ, ಅಲ್ಲಿ ಹಲ್ಲಿನ ಚೂರು ಉದುರಿಹೋಗುತ್ತದೆ ಎಂದು ಸಾಬೀತು ಮಾಡುವುದಿಲ್ಲ. ವಾದ ಎಡವುವುದು ಇಲ್ಲಿಯೇ. ಹಲ್ಲು ಎರಡೂ ಕಡೆಗೆ ಬಾಗುವುದಾದರೆ ಕಚ್ಚು ನಾಲಿಗೆಯ ಬದಿಗೂ ಬೀಳಬೇಕಿತ್ತು. ಬೀಳುವುದು ಬಹುಪಾಲು ಕೆನ್ನೆಯ ಬದಿಗೆ, ಬ್ರಷ್ ಜೋರಾಗಿ ಓಡಾಡುವ ಕಡೆ. ಒರಟು ಆಹಾರ ಜಗಿದು ಹಲ್ಲಿನ ನೆತ್ತಿಯೇ ತೇದುಹೋದ ಪ್ರಾಚೀನ ತಲೆಬುರುಡೆಗಳನ್ನು ಪರೀಕ್ಷಿಸಿದವರಿಗೂ ಈ ಬೆಣೆಗಚ್ಚು ಸಿಗಲಿಲ್ಲ. ಇತ್ತ, ಬ್ರಷ್ ಮತ್ತು ಹಲ್ಲುಪುಡಿಯಿಂದಲೇ ಇಂಥ ಕಚ್ಚು ಬೀಳುತ್ತದೆಂದು ಮಿಲ್ಲರ್ 1907ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಶತಮಾನದ ನಂತರದ ಪ್ರಯೋಗದಲ್ಲೂ ಪೇಸ್ಟ್ ಹಚ್ಚಿ ಉಜ್ಜಿದ ಹಲ್ಲುಗಳು ಕಚ್ಚುಬಿದ್ದವು, ಬರೀ ನೀರಿನಲ್ಲಿ ಉಜ್ಜಿದವು ಉಳಿದವು. ಲಿಂಬೆರಸ, ತಂಪು ಪಾನೀಯ, ಹೊಟ್ಟೆಯಿಂದ ಮೇಲೇರುವ ಹುಳಿ ಮೊದಲೇ ಮೆತ್ತಗಾಗಿಸಿದ ಹಲ್ಲಿನ ಮೇಲೆ ಈ ಉಜ್ಜಾಟ ಇನ್ನೂ ಬೇಗ ಕೆಲಸ ಮಾಡುತ್ತದೆ. ಇದ್ದಿಲು, ಇಟ್ಟಿಗೆ ಪುಡಿಯಿಂದ ಹಲ್ಲು ತಿಕ್ಕುವ ರೂಢಿ ಇನ್ನೂ ಉಳಿದಿರುವ ನಮ್ಮಲ್ಲಿ ಇದನ್ನು ಗಮನಿಸಲೇಬೇಕು.

ಬ್ರಷ್ಷೇ ಕಾರಣವಾದರೆ ಪಕ್ಕದ ಹಲ್ಲು ಹೇಗೆ ಉಳಿಯಿತು ಎಂದು ಕೇಳುವವರಿದ್ದಾರೆ. ಸಾಲಿನಿಂದ ತುಸು ಮುಂದೆ ಚಾಚಿದ, ವಸಡು ಕೆಳಗಿಳಿದ ಹಲ್ಲಿಗೆ ಏಟು ಹೆಚ್ಚು ಎಂಬುದು ಬಹಳಷ್ಟು ಕಡೆ ಸಾಕಾಗುವ ಉತ್ತರ, ಎಲ್ಲ ಕಡೆಯೂ ಅಲ್ಲ. ಬಲವಾಗಿ ಕಚ್ಚುವವರಲ್ಲಿ ಸವೆತ ಬೇಗ ಬೆಳೆಯಬಹುದೆಂದು ಸೂಚಿಸುವ ಅಧ್ಯಯನಗಳೂ ಇವೆ. ಹಾಗಾಗಿ ಒತ್ತಡವನ್ನು ಸಹಕಾರಿ ಕಾರಣವೆಂದು ಒಪ್ಪಬಹುದು, ಮೂಲ ಕಾರಣವೆಂದು ಅಲ್ಲ. ಈ ವ್ಯತ್ಯಾಸ ಬರೀ ಪಾಂಡಿತ್ಯದ್ದಲ್ಲ. ಒತ್ತಡವೇ ಮೂಲವೆಂದು ನಂಬಿದರೆ ಕಚ್ಚುವ ಮೇಲ್ಮೈಯನ್ನು ತೇದು ಸರಿಪಡಿಸುವ ಚಿಕಿತ್ಸೆಗೆ ಕೈಹಾಕುತ್ತಾರೆ. ತೇದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹಾಗೆ ತೇದ ಹಲ್ಲಿಗೂ ತೇಯದ ಹಲ್ಲಿಗೂ ಸವೆತದ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಯಂತ್ರ ಕೈಗೆತ್ತಿಕೊಳ್ಳುವ ಮೊದಲು ವೈದ್ಯರು ರೋಗಿಯ ಬ್ರಷ್ಷನ್ನೂ, ಅದನ್ನು ಹಿಡಿಯುವ ಬಗೆಯನ್ನೂ, ಹುಳಿ ಕುಡಿದ ಎಷ್ಟು ಹೊತ್ತಿಗೆ ಹಲ್ಲುಜ್ಜುತ್ತಾರೆ ಎಂಬುದನ್ನೂ ವಿಚಾರಿಸಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಕೊಡುವ ಗಾರ್ಡ್ ನೆತ್ತಿಯ ಸವೆತ ತಡೆಯಲು ಬೇಕೇ ಬೇಕು; ಬುಡದ ಕಚ್ಚನ್ನೂ ಅದೇ ನಿಲ್ಲಿಸುತ್ತದೆಂದು ಭರವಸೆ ಕೊಡುವಷ್ಟು ಪುರಾವೆ ಇಲ್ಲ.